ಯೂರೋ, ಡಾಲರ್ ಮತ್ತು ನಮ್ಮ ಮನಿ ಮಾಳಿಗಿ

ಹುಬ್ಬಳ್ಳ್ಯಾಗ ಕ್ಯಾಮೆರಾ ಅಂಗಡಿ ಇಟ್ಟಾಂವ ನಗಿ ಹುಡುಕ್ಕೋತ ಎಲ್ಲೂ ಹೋಗೂದು ಬ್ಯಾಡ, ಅದ ರೇಟ್ ಕೇಳಕೋತ ಬಾಗಲಕ್ಕ ಬರ್ತೈತಿ. ದುರ್ಗದಬೈಲಿನ ಹಿಂದಿನ ಓಣ್ಯಾಗ ನಮ್ಮಪ್ಪ ಹಾಕಿದ ಅಂಗಡಿ ನಂದು. ನಮ್ಮಪ್ಪನ ಕಾಲಕ್ಕ ಗಿರಾಕಿ ಬಂದು, “ಇದರಾಗ ಫೋಟೋ ಛಲೋ ಬರ್ತಾವೇನ್ರಿ?” ಅಂತ ಕೇಳ್ತಿದ್ರು. ಈಗಿನಾವ್ರು ಫೋಟೋದ ಮಾತ ಎತ್ತೂದಿಲ್ಲ. “ಇವತ್ತ ಡಾಲರ್ ಎಷ್ಟೈತಿ?” ಅಂತಾರ. ನಾ ಕ್ಯಾಮೆರಾ ಮಾರಾಂವನೋ, ಬ್ಯಾಂಕಿನ ಮ್ಯಾನೇಜರನೋ ಅಂತ ಒಮ್ಮೊಮ್ಮೆ ನನಗ ಸಂಶೆ ಬರ್ತೈತಿ.

ಹೋದ ದೀಪಾವಳಿಯಿಂದ ಈಚೆ ಆದ ಕೆಲವು ಪ್ರಸಂಗ ಹೇಳ್ತೇನಿ. ನಡುವ ನಡುವ ನಮ್ಮ ಮನಿ ಮಾಳಿಗಿ ಸುದ್ದೀನೂ ಬರ್ತೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಮಾಳಿಗಿ ಸಲುವಾಗೇ ಇಷ್ಟೆಲ್ಲಾ ಆಗಿದ್ದು.

ತಗದದ್ದಕ್ಕ ರೊಕ್ಕ

ನಮ್ಮ ಮನಿ ಹಳೇ ಹುಬ್ಬಳ್ಳ್ಯಾಗ. ಅಜ್ಜನ ಕಾಲದ ಮಣ್ಣಿನ ಮಾಳಿಗಿ, ಛಾವಣಿ ತುಂಬ ಮಣ್ಣು. ಮಳಿಗಾಲ ಬಂತಂದ್ರ ಅಡಿಗಿಮನ್ಯಾಗ ಹನಿ ಬೀಳ್ತಾವ. ವರ್ಷಾ ವರ್ಷಾ ಮ್ಯಾಲ ಮಣ್ಣ ಹಾಕಿಸಿ, ತುಳಿಸಿ, ಸಾಕಾಗಿ ನನ್ನ ಹೆಂಡ್ತಿ ಹಟಾ ಹಿಡದ್ಲು: “ಈ ಮಾಳಿಗಿ ಕಿತ್ತು ಸ್ಲ್ಯಾಬ್ ಹಾಕಸ್ರಿ. ಇಲ್ಲಾಂದ್ರ ಈ ಮಳಿಗಾಲಕ್ಕ ನೀವ ಅಡಿಗಿ ಮಾಡ್ರಿ.” ಗೌಂಡಿ ಬಂದ, ಕತ್ತ ಮ್ಯಾಲ ಮಾಡಿ ನೋಡಿದ, ಗ್ವಾಡಿ ಬಡದು ನೋಡಿದ, “ಆರು ಲಕ್ಷ ಆಗ್ತೈತ್ರಿ ಯಕ್ಕಾ” ಅಂದ. ಆಕಿ ತನ್ನ ಚೀಟಿ ರೊಕ್ಕ, ಬ್ಯಾಂಕಿನ್ಯಾಗಿದ್ದ ಠೇವಣಿ, ತವರಮನಿಯವ್ರು ಕೊಟ್ಟಿದ್ದು, ಎಲ್ಲಾ ಕೂಡಿಸಿ ಆರು ಲಕ್ಷ ಮಾಡಿ ಇಟ್ಲು.

ಅದ ವ್ಯಾಳೇಕ್ಕ ಮುಂಬೈದಿಂದ ಒಬ್ಬ ಏಜೆಂಟ್ ನಮ್ಮ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಾಗ ಒಂದು ಕರೇ ಡಬ್ಬಿ. ಡಬ್ಬಿ ತಗದ. ಒಳಗ ಒಂದು ಜರ್ಮನ್ ಕ್ಯಾಮೆರಾ. ನೋಡಾಕ ಸಾದಾ, ಕೈಯಾಗ ಹಿಡದ್ರ ಬೀಸೂಕಲ್ಲಿನಷ್ಟು ಭಾರ.

“ಏನಪಾ ಇದರ ವಿಶೇಷ?” ಅಂದೆ.

“ಇದರಾಗ ಬರೇ ಕಪ್ಪು-ಬಿಳುಪು ಫೋಟೋ ಬರ್ತಾವ್ರಿ.”

“ಬಣ್ಣದ್ದು?”

“ಬರೂದಿಲ್ಲ. ಬಣ್ಣದ್ದೂ ನಮ್ಮ ಕಂಪನಿ ಮಾಡ್ತೈತಿ. ಆದ್ರ ಅದು ಇದಕ್ಕಿಂತ ಸೋವಿ.”

ನನಗ ತಲಿ ತಿರಗಿತು. “ಅಲ್ಲಪಾ, ಬಣ್ಣ ಕೊಟ್ರ ಕಡಿಮಿ, ಬಣ್ಣ ತಗದ್ರ ಜಾಸ್ತಿ? ಮಿರ್ಚಿ ಭಜಿಯೊಳಗಿನ ಮೆಣಸಿನಕಾಯಿ ತಗದು, ಬರೇ ಹಿಟ್ಟು ಕರದು ಕೊಟ್ಟು, ಮ್ಯಾಲ ಎರಡು ರೂಪಾಯಿ ಹೆಚ್ಚಿಗಿ ಕೇಳಿದ್ರ ನಮ್ಮೂರಾಗ ಹೊಡೀತಾರ.”

ಅಂವ ನಗಲಿಲ್ಲ. “ಬಣ್ಣ ಕೊಡೂ ಕ್ಯಾಮೆರಾ ಯಾರ ಬೇಕಾದಾವ್ರು ಮಾಡ್ತಾರ್ರಿ. ಕೊಡಲಾರದ್ದು ಮಾಡಾಕ ಧೈರ್ಯ ಬೇಕು. ಇನ್ನೊಂದು ಮಾಡೆಲ್ ಐತಿ, ಅದರ ಹಿಂದಿನ ಪರದೇನೂ ತಗದಾರ. ಕಂಪನಿ ಹೆಸರೂ ಅಳಿಸ್ಯಾರ. ಅದು ಇನ್ನೂ ತುಟ್ಟಿ.”

“ಹಂಗಾದ್ರ ಮುಂದ ಒಂದಿನ ಬರೇ ಡಬ್ಬಿ ಮಾರ್ತೀರೇನು?”

“ಡಬ್ಬಿದು ಲಿಮಿಟೆಡ್ ಎಡಿಶನ್ ಬಂದ್ರ ನಿಮಗ ಮೊದಲ ಹೇಳ್ತೇನ್ರಿ,” ಅಂದ.

ಆಮ್ಯಾಲ ಅಂವ ನನ್ನ ಕಿವಿ ಹತ್ರ ಬಂದ. ಯೂರೋ ಏರಾಕತ್ತೈತಿ, ಅಮೇರಿಕಾದಾವ್ರು ಸುಂಕ ಹಾಕ್ಯಾರ, ಹೊಸಾ ವರ್ಷಕ್ಕ ರೇಟ್ ಏರೂದು ಖಾತ್ರಿ, ಈಗ ಆರು ಲಕ್ಷಕ್ಕ ತಗೊಂಡ್ರ ಆಗ ಏಳಕ್ಕ ಮಾರಬಹುದು ಅಂದ. “ಅಮೇರಿಕಾದಾಗ ಸುಂಕ ಏರಿದ್ರ ದುರ್ಗದಬೈಲಿನ್ಯಾಗ ಯಾಕ ತುಟ್ಟಿ ಆಗ್ತೈತಿ?” ಅಂದೆ. “ಅಲ್ಲಿ ಬಿದ್ದ ಪೆಟ್ಟನ್ನ ಜಗತ್ತಿಗೆಲ್ಲಾ ಹಂಚ್ತಾರ್ರಿ, ಪ್ರಸಾದ ಹಂಚಿದಂಗ,” ಅಂದ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ. ನಾ ಕುಂತಲ್ಲೇ ಒಂದು ಲಕ್ಷ ಲಾಭ ಹಿಡದೆ, ಮಾಳಿಗಿ ರೊಕ್ಕ ತಗದು ಅವನ ಕೈಯಾಗ ಹಾಕಿದೆ.

ಮನ್ಯಾಗ ಹೆಂಡ್ತಿಗೆ, ಜರ್ಮನಿ ಮಾಲು, ಸಂಕ್ರಾಂತಿಯೊಳಗ ಏಳು ಲಕ್ಷ ಆಗ್ತೈತಿ, ಸ್ಲ್ಯಾಬಿನ ಜೋಡಿ ಹೊಸಾ ಅಡಿಗಿ ಕಟ್ಟೀನೂ ಆಗ್ತೈತಿ ಅಂತ ಹೇಳಿದೆ. ಅದರಾಗ ಬಣ್ಣ ಬರೂದಿಲ್ಲ ಅನ್ನೂದನ್ನ ಮಾತ್ರ ಹೇಳಲಿಲ್ಲ. ಅಷ್ಟು ಧೈರ್ಯ ಜರ್ಮನ್ ಕಂಪನಿಗೆ ಇರಬಹುದು, ನನಗಿಲ್ಲ.

ಕೆಂಪೋ ಹಸರೋ

ಧಾರವಾಡದಾಗ ಕೆಲಗೇರಿ ಕೆರಿ ಕಡೆ ಒಬ್ರು ರಿಟೈರ್ ಆದ ಪ್ರೊಫೆಸರ್ ಅದಾರ. ಕಾಲೇಜಿನ್ಯಾಗ ಅರ್ಥಶಾಸ್ತ್ರ ಕಲಿಸಿದಾವ್ರು. ನಾ ಅವ್ರಿಗೆ ‘ಸರ’ ಅಂತೇನಿ. ಭಾಳ ವರ್ಷದಿಂದ ನಮ್ಮ ಅಂಗಡಿಗೆ ಬರ್ತಾರ, ಇಲ್ಲೀತನಕ ಒಂದು ಲೆನ್ಸ್ ಒರಸೂ ಬಟ್ಟಿ ಸೈತ ತಗೊಂಡಾವ್ರಲ್ಲ. ಎಲ್ಲಾದಕ್ಕೂ ರೂಪಾಯಿ ಗಟ್ಟಿ ಆಗ್ಲಿ ಅಂತಾರ.

ಶೋಕೇಸಿನ್ಯಾಗ ಜರ್ಮನ್ ಕ್ಯಾಮೆರಾ ನೋಡಿದ ಕೂಡಲೇ ಸರ ಕುರ್ಚಿ ಬಿಟ್ಟು ಎದ್ರು. ಎರಡೂ ಕೈಲೆ ಹಿಡದು ಭಾಳ ಹೊತ್ತು ನೋಡಿದ್ರು. “ಇದನ್ನ ನಾ ತಗೊಳ್ಳಾಂವನ. ಆದ್ರ ಈಗಲ್ಲ,” ಅಂದ್ರು. ಆಮ್ಯಾಲ ಪಾಠ ಸುರು ಆತು. ರೂಪಾಯಿ ಸೊರಗಿದ್ರ ಪರದೇಶದ ಮಾಲು ತುಟ್ಟಿ. ತುಟ್ಟಿ ಆದ ಮಾಲಿನ ಮ್ಯಾಲ ಸುಂಕ, ಸುಂಕ ಕೂಡಿದ್ದರ ಮ್ಯಾಲ ಮತ್ತ ಜಿಎಸ್‌ಟಿ. “ರೂಪಾಯಿ ಒಂದು ಮೆಟ್ಟಲ ಇಳಿದ್ರ ಕಿಮ್ಮತ್ತು ಎರಡು ಮೆಟ್ಟಲ ಏರ್ತದ. ಹಿಂಗಾಗಿ ಕಾಯಬೇಕು. ಈ ವರ್ಷ ಮಳಿ ಛಲೋ ಆದ್ರ ಬೆಳಿ ಬರ್ತದ, ಬೆಳಿ ಬಂದ್ರ ರೂಪಾಯಿ ಗಟ್ಟಿ ಆಗ್ತದ.”

“ಸರ, ಮಳಿ ಛಲೋ ಆದ್ರ ನನ್ನ ಅಡಿಗಿಮನಿ ಸೋರತೈತಿ,” ಅಂದೆ.

“ದೇಶದ ದೃಷ್ಟೀಲೆ ವಿಚಾರ ಮಾಡ್ರಿ,” ಅಂದ್ರು.

ಅವತ್ತಿನಿಂದ ಸರ ವಾರಕ್ಕೊಮ್ಮೆ ಬರಾಕ ಹತ್ತಿದ್ರು. ಬಂದು ಕುಂತು ತಮ್ಮ ಮೊಬೈಲಿನ್ಯಾಗ ಡಾಲರಿನ ರೇಟ್ ತಗದು ನನ್ನ ಮುಂದ ಹಿಡೀತಿದ್ರು. “ಅಂಕಿ ಹಸರದನೋ ಕೆಂಪದನೋ ನೋಡ್ರಿ.”

ಮೊದಲನೇ ಸಲ ನಾ ಖುಷೀಲೆ, “ಹಸರೈತಿ ಸರ!” ಅಂದೆ. “ಅಯ್ಯೋ, ಡಾಲರ್ ಏರಿತು,” ಅಂತ ಚಾ ಕುಡದು ಹೋದ್ರು. ಮುಂದಿನ ವಾರ ಅಂಜಕೋತ, “ಕೆಂಪೈತಿ ಸರ,” ಅಂದೆ. “ಛಲೋ ಆತು, ಇನ್ನೊಂದೀಟು ಕೆಂಪಾಗ್ಲಿ, ಕಾಯೋಣು,” ಅಂತ ಚಾ ಕುಡದು ಹೋದ್ರು. ಹಸರಾದ್ರೂ ಚಾ ನಂದ, ಕೆಂಪಾದ್ರೂ ಚಾ ನಂದ.

ಒಂದಿನ ಕೇಳೇಬಿಟ್ಟೆ: “ಸರ, ಅಷ್ಟು ದೊಡ್ಡ ಅಂಕಿ ನಿಮಗ ಯಾಕ ಕಾಣೂದಿಲ್ಲ?”

“ಅಂಕಿ ಕಾಣ್ತದೋ ಮಾರಾಯಾ. ಬಣ್ಣ ಕಾಣೂದಿಲ್ಲ. ನನಗ ಹುಟ್ಟಿದಾಗಿಂದ ಕೆಂಪು-ಹಸರು ಎರಡೂ ಒಂದ. ಅದಕ್ಕ ಈ ಕ್ಯಾಮೆರಾದ ಮ್ಯಾಲ ಜೀವ ನಂದು. ನಾ ತಗದ ಫೋಟೋ ಒಂದೂ ಮಂದಿಗೆ ಪಸಂದ ಬರೂದಿಲ್ಲ, ಬಣ್ಣ ಹಂಗಾತು ಹಿಂಗಾತು ಅಂತಾರ. ಈ ಕ್ಯಾಮೆರಾದ ಮುಂದ ನಾನೂ ಎಲ್ಲಾರೂ ಸಮ.”

ಆ ಮಾತು ಕೇಳಿ ನನಗ ಕೆಟ್ಟನಿಸ್ತು. ಆದ್ರೂ ಬಾಯಿ ಸುಮ್ಮ ಇರಲಿಲ್ಲ. “ಮತ್ತ ಕೆಂಪು-ಹಸರು ತಿಳೀದ ಇಷ್ಟು ವರ್ಷ ಅರ್ಥಶಾಸ್ತ್ರ ಹ್ಯಾಂಗ ಕಲಿಸಿದ್ರಿ ಸರ?”

“ಏರಿದ್ದೂ ಇಳಿದದ್ದೂ ಒಂದ ಕಂಡ್ರ ಮನುಷ್ಯಾ ಭಾಳ ಶಾಂತ ರೀತೀಲೆ ಪಾಠ ಮಾಡ್ತಾನ,” ಅಂದ್ರು.

ಹಡಗದಾಗಿನ ಎಣ್ಣಿ

ನಮ್ಮ ಹತ್ರ ಲೆನ್ಸ್ ಬಾಡಗಿ ಒಯ್ಯೂ ಒಬ್ಬ ಮದುವಿ ಫೋಟೋಗ್ರಾಫರ್ ಅದಾನ. ಗಟ್ಟಿ ಮನುಷ್ಯಾ, ಎರಡು ಮಕ್ಕಳ ತಂದಿ, ಮಾತಿಗೆ ಮಾತು ಕೂಡಸೂದ್ರಾಗ ಹುಷಾರ್. ಒಂದಿನ ಮುಂಜಾನೆ ಪೇಪರ್ ಹಿಡ್ಕೊಂಡ ಬಂದ.

“ಕಾಕಾ, ಜಪಾನಿನ ರೊಕ್ಕ ಬಿದ್ದೈತಂತ ಹಾಕ್ಯಾರ. ಯೆನ್ ಬಿತ್ತಂದ್ರ ಜಪಾನಿನ ಲೆನ್ಸ್ ಇಳೀಬೇಕಲ್ಲ? ಎಷ್ಟಕ್ಕ ಕೊಡ್ತೀರಿ?”

“ಏರೈತಪಾ,” ಅಂದೆ.

“ಏರೈತಿ? ಹ್ಯಾಂಗ?”

ನಾ ತಿಳಿಸಿ ಹೇಳಿದೆ. ಕಂಪನಿ ಜಪಾನಿದು, ಖರೇ. ಆದ್ರ ಕಾರ್ಖಾನಿ ಬ್ಯಾರೆ ದೇಶದಾಗ. ಬಿಲ್ಲು ಡಾಲರಿನ್ಯಾಗ. ನಮ್ಮ ರೂಪಾಯಿ ಡಾಲರಿನ ಮುಂದ ಇನ್ನೂ ಸಣ್ಣ ಆಗೈತಿ. ಯೆನ್ ಬಿದ್ರ ಅವ್ರು ಡಾಲರ್ ನೋಡ್ತಾರ, ಡಾಲರ್ ಬಿದ್ರ ಯೂರೋ ನೋಡ್ತಾರ, ಮೂರೂ ಬಿದ್ರ ಹಡಗದ ಬಾಡಗಿ ಏರೈತಿ ಅಂತಾರ.

ಅಂವ ಪೇಪರ್ ಮಡಚಿ ಬಗಲಾಗ ಇಟ್ಕೊಂಡ. “ಅಂದ್ರ ಏರಾಕ ನಾಕೂ ದಿಕ್ಕಿಗೆ ದಾರಿ ಅದಾವ, ಇಳಿಯಾಕ ಒಂದು ಮೆಟ್ಟಲ ಸೈತ ಇಲ್ಲ. ಅಡ್ಡ ಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡ್ತೀರಿ ನೀವು.”

ಸಿಟ್ಟಾಗಿದ್ದ. ಸಮಾಧಾನ ಮಾಡೂಣು ಅಂತ ಎದರಿನ ಭಜಿ ಗಾಡಿಗೆ ಕರಕೊಂಡ ಹೋದೆ. ತಿಂದು ರೊಕ್ಕ ಕೊಟ್ರ ಭಜಿಯಾಂವ ಇನ್ನೂ ಕೈ ಚಾಚಿಕೊಂಡ ನಿಂತ. ಪ್ಲೇಟಿಗೆ ಐದು ರೂಪಾಯಿ ಏರೈತಂತ.

“ಯಾಕೋ?” ಅಂದೆ.

“ಎಣ್ಣಿ ಪರದೇಶದ್ದಲ್ರಿ. ಡಾಲರ್ ಏರೈತಿ.”

ನನಗ ನಗಿ ಬಂತು. ಫೋಟೋಗ್ರಾಫರಗ ಬರಲಿಲ್ಲ. ಅಂವ ಭಜಿಯಾವನ ಮುಂದ ಪೇಪರ್ ಹಿಡದ: “ಹೋದ ತಿಂಗಳ ಡಾಲರ್ ಇಳಿದಿತ್ತಲ್ಲೋ, ಆಗ ಯಾಕ ಇಳಿಸಲಿಲ್ಲ?”

“ಇಳಿದಾಗಿನ ಎಣ್ಣಿ ಇನ್ನೂ ಹಡಗದಾಗ ಐತ್ರಿ, ಬಂದಿಲ್ಲ.”

“ಮತ್ತ ನಿನ್ನೆ ಏರಿದ್ದು ಇವತ್ತ ಹ್ಯಾಂಗ ಬಂತು?”

ಭಜಿಯಾಂವ ಭಜಿ ತಗಿಯೂ ಝಾರಿ ಎತ್ತಿ ಎಣ್ಣಿ ಬಸಿಕೋತ ಅಂದ, “ಅದು ಇಮಾನದಾಗ ಬರ್ತೈತ್ರಿ.”

ಉದ್ದ ಲೆನ್ಸಿನ ಮದುವಿ

ಇದ ಫೋಟೋಗ್ರಾಫರಗ ಒಂದು ಮದುವಿ ಆರ್ಡರ್ ಬಂತು. ಹುಡುಗಿ ಅಪ್ಪ ಅವನ್ನ ಕರಕೊಂಡು ನಮ್ಮ ಅಂಗಡಿಗೇ ಬಂದ. ಬಂದ ಕೂಡಲೇ ಗ್ವಾಡಿಗೆ ಹಚ್ಚಿದ್ದ ಒಂದು ಚಿತ್ರ ತೋರಿಸಿದ. ಕ್ರಿಕೆಟ್ ಮ್ಯಾಚಿನ್ಯಾಗ ಹಿಡೀತಾರಲ್ಲ, ಮೊಳ ಉದ್ದದ್ದು ಬಿಳೇ ಲೆನ್ಸ್, ಅದು.

“ಇದ ಲೆನ್ಸ್ ನಮ್ಮ ಮದುವ್ಯಾಗ ಬೇಕು,” ಅಂದ.

“ಯಜಮಾನ್ರ, ಅದು ದೂರಿಂದ ಹಕ್ಕಿ ಫೋಟೋ ತಗಿಯೂದಕ್ಕ,” ಅಂತ ಫೋಟೋಗ್ರಾಫರ್ ತಿಳಿಸಿದ.

“ನಮ್ಮ ಹುಡುಗೀನೂ ಹಕ್ಕಿ ಇದ್ದಂಗ ಅದಾಳ. ಇದರ ಕಿಮ್ಮತ್ತು ಎಷ್ಟ?”

ನಾ ಹೇಳಿದೆ. ಕೇಳಿ ಅವನ ಮಾರಿ ಅರಳಿತು. “ಹಂಗಾದ್ರ ಇದ ಬೇಕು,” ಅಂದ. ನಾ ಅದನ್ನ ಬಾಡಗಿಗೆ ಕೊಟ್ಟೆ.

ಮದುವಿ ಇದ್ದದ್ದು ಒಂದು ಸಣ್ಣ ಮಂಗಲ ಕಾರ್ಯಾಲಯದಾಗ. ಆ ಲೆನ್ಸ್ ಹಚ್ಚಿ ವೇದಿಕಿ ಮುಂದ ನಿಂತ್ರ ಮದುಮಗಳ ಮೂಗುತಿ ಅಷ್ಟ ಕಾಣ್ತಿತ್ತಂತ. ಫೋಟೋಗ್ರಾಫರ್ ಹಿಂದ ಹಿಂದ ಸರಕೋತ ಹೋದ. ಕುರ್ಚಿ ದಾಟಿದ, ಬಾಗಲಾ ದಾಟಿದ, ಊಟದ ಹಾಲ್ ದಾಟಿದ. ಕಡೀಕ ಅಡಿಗಿಯವ್ರ ಒಲಿ ಬಾಜೂಕ ನಿಂತಾಗ ಗಂಡು-ಹೆಣ್ಣು ಇಬ್ರೂ ಒಂದ ಫೋಟೋದಾಗ ಹಿಡಿಸಿದ್ರು. ಅಕ್ಷತಾ ಬೀಳೂ ಗಳಿಗಿಗೆ ಸರಿಯಾಗಿ ಒಬ್ಬ ಸಾರಿನ ಬಕೀಟ ಹಿಡಕೊಂಡ ಅಡ್ಡ ಬಂದ. ಅಲ್ಬಮಿನ್ಯಾಗ ಗಂಡಿನ ತಲಿ ಐತಿ, ಹೆಣ್ಣಿನ ತಲಿ ಐತಿ, ತಾಳಿ ಇರೂ ಜಾಗಾದಾಗ ಬಕೀಟ ಐತಿ.

ಹುಡುಗಿ ಅಪ್ಪಗ ಅದರ ಚಿಂತಿ ಇರಲಿಲ್ಲ. ಮದುವ್ಯಾಗ ಬೀಗರು, “ಏನ್ರಿ, ನಿಮ್ಮ ಫೋಟೋಗ್ರಾಫರ್ ಎಲ್ಲೂ ಕಾಣವಲ್ಲ?” ಅಂತ ಕೇಳಿದ್ರಂತ. “ಅಷ್ಟು ತುಟ್ಟಿ ಲೆನ್ಸಿನಾವ್ರು ಹಂಗ ಹತ್ರ ಬರೂದಿಲ್ರಿ,” ಅಂತ ಹೇಳ್ಯಾನ.

ಮದುವಿ ಆಗಿ ತಿಂಗಳಾದ ಮ್ಯಾಲ ನನಗ ಫೋನ್ ಬಂತು. “ಆ ಬಿಳೇ ಲೆನ್ಸ್ ಈಗ ಎಷ್ಟಾಗೈತ್ರಿ?”

“ಡಾಲರ್ ಏರೈತ್ರಿ. ಹದಿನೈದು ಸಾವಿರ ಹೆಚ್ಚಾಗೈತಿ. ಯಾಕ, ತಗೋತೀರೇನು?”

“ಛೇ ಛೇ, ಬೀಗರಿಗೆ ಹೇಳಬೇಕು. ನಮ್ಮ ಮದುವೀದು ಕಿಮ್ಮತ್ತು ಇನ್ನೂ ಏರಾಕತ್ತೈತಿ ಅಂತ.”

ಕೊಸರು

ಸಂಕ್ರಾಂತಿ ಹೋತು, ಶಿವರಾತ್ರಿ ಹೋತು, ಯುಗಾದಿ ಹೋತು. ಜರ್ಮನ್ ಕ್ಯಾಮೆರಾ ಶೋಕೇಸ್ ಬಿಟ್ಟು ಕದಲಲಿಲ್ಲ. ಮುಂಜಾನೆ ನಾ ಅಂಗಡಿಗೆ ಹೊಂಟ್ರ ಹೆಂಡ್ತಿ ಬಾಗಲಾಗ ನಿಂತು ಮಾಳಿಗಿ ನೋಡ್ತಿದ್ಲು, ಆಮ್ಯಾಲ ನನ್ನ ನೋಡ್ತಿದ್ಲು. ಮಾತಾಡ್ತಿದ್ದಿಲ್ಲ. ಆಕಿ ಬೈದ್ರ ನನಗ ಹೆದರಿಕಿ ಇಲ್ಲ, ಸುಮ್ಮ ಇದ್ರ ಊಟ ಸೇರೂದಿಲ್ಲ. ಜೂನಿನ್ಯಾಗ ಮಿರಗದ ಮಳಿ ಸುರು ಆಗೂದರೊಳಗ ಸ್ಲ್ಯಾಬ್ ಆಗಬೇಕು, ಸ್ಲ್ಯಾಬ್ ಆಗಬೇಕಂದ್ರ ಕ್ಯಾಮೆರಾ ಹೋಗಬೇಕು.

ಅಂಥಾದ್ದರಾಗ ದೇವ್ರು ಕಳಿಸಿದಂಗ ಒಬ್ಬ ಪ್ಲಾಟ್ ಮಾರೂ ಸಾವಕಾರ ಬಂದ. ಬೆರಳಿಗೆಲ್ಲಾ ಉಂಗುರ. “ನಿಮ್ಮ ಅಂಗಡ್ಯಾಗ ಎಲ್ಲಾಕಿಂತ ತುಟ್ಟಿದ್ದು ಯಾವದೈತಿ?” ಅಂದ. ತೋರಿಸಿದೆ. “ಊರಾಗ ಮತ್ತ್ಯಾರ ಹತ್ರ ಐತಿ?” ಅಂದ. ಯಾರ ಹತ್ರಾನೂ ಇಲ್ಲ ಅಂದೆ. “ಏಳು ಲಕ್ಷ? ಕಟ್ರಿ,” ಅಂದ. ಚೌಕಾಸಿ ಇಲ್ಲ, ಏನಿಲ್ಲ. ಬಣ್ಣ ಬರೂದಿಲ್ಲಂತ ಅದನ್ನೂ ಹೇಳಿದೆ. ನಡೀತೈತಿ ಅಂದ.

ಡಬ್ಬಿ ಕಟ್ಟಿ ಮುಗಿದ ಮ್ಯಾಲ ಸಾವಕಾರ ಕೌಂಟರ್ ಮ್ಯಾಲ ಮೊಣಕೈ ಊರಿ ಕೇಳಿದ: “ಕೊಸರು ಏನ್ ಹಾಕ್ತೀರಿ?”

ಸಂತ್ಯಾಗ ಮೆಂತೆ ಪಲ್ಲೆ ತಗೊಂಡ್ರ ನಾಕ ಎಸಳು ಕೊತ್ತಂಬರಿ ಮ್ಯಾಲ ಹಾಕ್ತಾರಲ್ಲ, ಆ ಕೊಸರು. ಲೆನ್ಸ್ ಒರಸೂ ಬಟ್ಟಿ ಇಟ್ಟೆ. ತಲಿ ಅಳ್ಳಾಡಿಸಿದ. ಬ್ಯಾಗ್ ಇಟ್ಟೆ. ಅದಕ್ಕೂ ತಲಿ ಅಳ್ಳಾಡಿಸಿದ.

“ಇದರಾಗ ಬಣ್ಣ ಬರೂದಿಲ್ಲ ಅಂತೀರಿ. ಬಣ್ಣ ಬರೂವಂಥಾದ್ದು ಒಂದು ಸಣ್ಣ ಕ್ಯಾಮೆರಾ ಕೊಸರು ಹಾಕ್ರಿ.”

ಇಬ್ರೂ ಜಗ್ಗಾಡಾಕತ್ತಿದ್ವಿ. ಅಷ್ಟರಾಗ ಮುಂಬೈ ಏಜೆಂಟನ ಫೋನ್ ಬಂತು. ಯೂರೋ ಜಿಗದೈತಿ, ಕಂಪನಿ ರೇಟ್ ಏರಿಸೈತಿ ಅಂದ. ನನ್ನ ತಲ್ಯಾಗ ಯಾವ ಸೈತಾನ ಹೊಕ್ಕಿತೋ ಏನೋ. ಫೋನ್ ಇಟ್ಟ ಕೂಡಲೇ, “ಸಾವಕಾರ್ರ, ಈಗ ರೇಟ್ ಏರೈತ್ರಿ. ಮ್ಯಾಲ ಇಪ್ಪತ್ತೈದು ಸಾವಿರ ಆಗ್ತೈತಿ,” ಅಂದೆ.

ಸಾವಕಾರ ನನ್ನ ಮಾರಿ ನೋಡಿದ. “ಇಪ್ಪತ್ತೈದು ಸಾವಿರ ನನಗ ದೊಡ್ಡದಲ್ಲ. ಆದ್ರ ಕೊಸರು ಕೇಳಿದ್ರ ರೇಟ್ ಏರಿಸ್ತೀರಲ್ಲ, ಇದು ಯಾವ ರೀತಿ? ಕೊತ್ತಂಬರಿ ಕೇಳಿದ್ದಕ್ಕ ಮೆಂತೇದ ರೇಟ್ ಏರಸೂ ಕಾಯಿಪಲ್ಲೇದಾಕಿನ್ನ ನಾ ಎಲ್ಲೂ ಕಂಡಿಲ್ಲ!” ಅಂದು ಚಪ್ಪಲಿ ಮೆಟ್ಟಿದ. ನಾ ಓಣಿ ತುದೀತನಕ ಹಿಂದ ಓಡಿದೆ, ಏಳಕ್ಕ ಕೊಡ್ತೇನ್ರಿ, ಕೊಸರೂ ಕೊಡ್ತೇನ್ರಿ ಅಂತ ಕೂಗಿದೆ. ಕಾರ್ ಹೋಗಿಬಿಡ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವತ್ತ ಸಂಜೀಕ ಅಕಾಲದ ಅಡ್ಡಮಳಿ ಬಂತು. ಮನಿಗೆ ಹೋಗಿ ನೋಡಿದ್ರ ಅಡಿಗಿಮನಿ ತುಂಬ ತಪ್ಪೇಲಿ, ಕೊಡ, ಪರಾತ, ಎಲ್ಲಾದರಾಗೂ ಟಪ್ ಟಪ್ ಹನಿ. ಹೆಂಡ್ತಿ ಒಂದು ಕೈಯಾಗ ಛತ್ರಿ ಹಿಡದು ಒಲಿ ಮುಂದ ನಿಂತು ಇನ್ನೊಂದು ಕೈಲೆ ರೊಟ್ಟಿ ಬೇಯಸಾಕತ್ತಿದ್ಲು. ಬಣ್ಣದ ಮಾತೊಂದು ಬಿಟ್ಟು ನಾ ಆದದ್ದು ಎಲ್ಲಾ ಹೇಳಿದೆ.

“ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ್ನಂತ. ಅಲ್ಲೆಲ್ಲೋ ಯೂರೋ ಏರಿತಂತ ನೀವು ಕುಣೀತೀರಿ, ಇಲ್ಲಿ ನನ್ನ ಸಾರಿನ್ಯಾಗ ಮಣ್ಣ ಬೀಳಾಕತ್ತೈತಿ,” ಅಂದ್ಲು. ಖರೇ ಹೇಳ್ತೇನಿ, ನನಗ ಭಾಳ ನಾಚಿಕಿ ಆತು. ಛತ್ರಿ ಇಸಗೊಂಡು ನಾ ಹಿಡದೆ.

ಊಟಕ್ಕ ಕುಂತೆ. ತಾಟಿನ ತುಂಬ ಸಾರು ಸುರುವಿದ್ಲು. ಸಾಕು ಅಂದೆ.

“ತಗೋರಿ,” ಅಂದ್ಲು. “ನಾ ಮಾಡಿದ್ದು ಅರ್ಧ ತಪ್ಪೇಲಿ. ಉಳಿದದ್ದು ಮ್ಯಾಲಿನಾವ ಹಾಕಿದ ಕೊಸರು.”

ಗೌಂಡಿ ರೇಟು

ಆ ಸಾವಕಾರ ಹೋದ ಮ್ಯಾಲ ನಾ ಕ್ಯಾಮೆರಾದ ಮ್ಯಾಲಿನ ರೇಟಿನ ಚೀಟಿ ಕಿತ್ತು ಹಾಕಿದೆ. ನೋಡಿದಾಗೊಮ್ಮೆ ಆ ಕೊಸರು ನೆನಪಾಗ್ತಿತ್ತು. ಮಿರಗ ಹತ್ರ ಬಂದಿತ್ತು. ಒಂದಿನ ಗದಗಿನ್ಯಾಗ ನಮ್ಮ ಸೋದರತ್ತಿ ಮನಿ ಕಾರ್ಯ ಇತ್ತು. ಅಂಗಡಿ ಮುಚ್ಚಿದ್ರ ಬೋಣಿಗಿ ತಪ್ಪತೈತಿ ಅಂತ ಹೆಂಡ್ತಿ, “ನಾ ಕುಂದರತೇನಿ, ನೀವು ಹೋಗಿ ಬರ್ರಿ,” ಅಂದ್ಲು.

ಸಂಜಿ ಮುಂದ ಬಂದು ನೋಡ್ತೇನಿ, ಶೋಕೇಸ್ ಖಾಲಿ!

“ಕ್ಯಾಮೆರಾ ಎಲ್ಲಿ?”

“ಮಾರಿದೆ,” ಅಂದ್ಲು, ಕಾಯಿಪಲ್ಲೆ ಮಾರಿದಂಗ.

“ಯಾರಿಗೆ? ಎಷ್ಟಕ್ಕ?”

“ನಿಮ್ಮ ಧಾರವಾಡದ ಸರ. ಏಳೂವರಿ ಲಕ್ಷಕ್ಕ.”

ನಾ ಕುರ್ಚಿ ಎಳಕೊಂಡ ಕುಂತೆ. ಆಗ ಆಕಿ ನಡದದ್ದು ಹೇಳಿದ್ಲು.

ಮುಂಜಾನೆ ಮೊದಲ ಅಂಗಡಿಗೆ ಬಂದಾಂವ ನಮ್ಮ ಗೌಂಡಿ. “ಯಕ್ಕಾ, ಮೊದಲಿನ ರೇಟ್ ಇನ್ನ ಆಗೂದಿಲ್ರಿ. ಕಬ್ಬಿಣ ತುಟ್ಟಿ, ಸಿಮೆಂಟ್ ತುಟ್ಟಿ, ಡಾಲರ್ ಏರೈತಿ. ಏಳೂವರಿ ಆಗ್ತೈತಿ. ಮಿರಗದೊಳಗ ಬೇಕಂದ್ರ ಇವತ್ತ ಹೇಳ್ರಿ,” ಅಂದ. ಅಂವ ಚಾ ಕುಡಕೋತ ಕುಂತಾಗ ಸರ ಬಂದ್ರು. ಎಂದಿನಂಗ, “ಇವತ್ತ ಇದರ ರೇಟ್ ಏನದ ತಂಗೀ?” ಅಂತ ಕೇಳಿದ್ರು. ಚೀಟಿ ಇಲ್ಲ, ನಾ ಇಲ್ಲ. ಆಕಿಗೆ ಗೊತ್ತಿದ್ದದ್ದು ಒಂದ ರೇಟು.

“ಏಳೂವರಿ ಲಕ್ಷ ಸರ.”

“ನಿಮ್ಮ ಯಜಮಾನ್ರು ಏಳು ಅಂದಿದ್ರಲ್ಲ?”

“ಅವ್ರದು ಯೂರೋ ರೇಟು. ನಂದು ಗೌಂಡಿ ರೇಟು. ಕ್ಯಾಮೆರಾ ಅಲ್ರಿ ಸರ ಇದು, ನಮ್ಮ ಮನಿ ಮಾಳಿಗಿ. ಇದು ಹೋದ್ರ ಅದು ಬರ್ತೈತಿ. ಈ ಗೌಂಡಿ ಎಷ್ಟು ಕೇಳ್ತಾನೋ ಅಷ್ಟಕ್ಕ ಕೊಡ್ತೇನಿ, ಒಂದು ರೂಪಾಯಿ ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ಅಂವ ಇಲ್ಲೇ ಕುಂತಾನ, ಬೇಕಂದ್ರ ಕೇಳ್ರಿ.”

ಸರ ಗೌಂಡಿ ಕಡೆ ಕುರ್ಚಿ ತಿರುವಿಕೊಂಡ್ರು. ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು ಚೀಲ, ಉಸುಕು ಎಲ್ಲಿಂದು, ಸೆಂಟ್ರಿಂಗ್ ಬಾಡಗಿ ಎಷ್ಟು, ಕೂಲಿ ಎಷ್ಟು, ಎಲ್ಲಾ ಕೇಳಿದ್ರು. ಗೌಂಡಿ ಬೆವರಿ ಇನ್ನೊಂದು ಚಾ ಕುಡದ. ಎಲ್ಲಾ ಕೂಡಿಸಿದ ಮ್ಯಾಲ ಸರ ಎದ್ದು ನಿಂತ್ರಂತ.

“ರೂಪಾಯಿನ್ನ ಬಂಗಾರಕ್ಕ ಕಟ್ಟಿದ್ದು ಓದೇನಿ, ಡಾಲರಿಗೆ ಕಟ್ಟಿದ್ದು ಕಲಿಸೇನಿ. ಸ್ಲ್ಯಾಬಿಗೆ ಕಟ್ಟಿದ್ದು ಇದ ಮೊದಲ ನೋಡಾಕತ್ತೇನಿ. ಇದು ಗಟ್ಟಿ ಅದ. ಇಷ್ಟು ವರ್ಷ ಯಾಕ ಇಷ್ಟು ಕಿಮ್ಮತ್ತು ಅಂತ ಕೇಳಿದ್ರ ಒಬ್ರೂ ಖರೇ ಕಾರಣ ಹೇಳಿದ್ದಿಲ್ಲ. ಹೋಗ್ಲಿ ತಂಗೀ, ರೂಪಾಯಿ ಗಟ್ಟಿ ಆಗೂದರಾಗ ನನ್ನ ಕೈ ಸಡಲ ಆಗ್ತಾವ,” ಅಂತ ಚೆಕ್ ಬರದ್ರು. ಬರದು, ಎಷ್ಟಂದ್ರೂ ಮನುಷ್ಯಾನ ಅಲ್ರೀ, “ಕೊಸರು ಏನು?” ಅಂತನೂ ಕೇಳಿದ್ರಂತ. “ಸ್ಲ್ಯಾಬ್ ಆದ ಮ್ಯಾಲ ಹೊಸಾ ಅಡಿಗಿಮನ್ಯಾಗ ಮೊದಲನೇ ಊಟ ನಿಮಗ,” ಅಂದಾಳ ಇಕಿ.

“ಎಲ್ಲಿ, ಚೆಕ್ ಕೊಡು,” ಅಂದೆ.

“ನನ್ನ ಹೆಸರಿಗೆ ಬರಸೇನಿ. ಅಂಗಡಿ ಹೆಸರಿಗೆ ಬರಸಿದ್ರ ಅದು ಮತ್ತ ಜರ್ಮನಿಗೆ ಹೋಗ್ತಿತ್ತು,” ಅಂದ್ಲು.

ಮೂವತ್ತು ವರ್ಷ ಅಂಗಡಿ ನಡಸೇನಿ, ಹಿಂಗ ಮಾರಾಕ ನನಗ ಬಂದಿಲ್ಲ.

ಮಿರಗದ ಮಳಿ ಒಂದೀಟು ತಡಾ ಮಾಡಿ ನಮ್ಮ ಮಾನ ಕಾಯ್ತು. ಸ್ಲ್ಯಾಬ್ ಹಾಕಿದ್ರು, ಅದು ನೀರು ಕುಡೀತು, ಸೆಂಟ್ರಿಂಗ್ ಹಲಗಿ ಬಿಚ್ಚಿದ್ರು. ಮೊದಲನೇ ಊಟಕ್ಕ ಸರ ಬಂದ್ರು, ಕೊರಳಾಗ ಕ್ಯಾಮೆರಾ. ಗೌಂಡೀನೂ ಬಂದ. ಹೊರಗ ಮಳಿ ಹೊಡ್ಯಾಕತ್ತಿತ್ತು, ಒಳಗ ಒಂದು ಹನಿ ಇಲ್ಲ. ಹೆಂಡ್ತಿ ಮೂರು ಮೂರು ಸಲ ಮ್ಯಾಲ ನೋಡಿ ನಗತಿದ್ಲು. ಆ ನಗಿ ನೋಡಿ ನನಗೂ ಕಣ್ಣಾಗ ನೀರು ಬಂತು, ಹೋಳಿಗಿ ಬಿಸಿ ಐತಿ ಅಂತ ಸುಳ್ಳ ಹೇಳಿದೆ.

ಸರ ಎದ್ದು ನಿಂತು ಆಕಿ ಫೋಟೋ ತಗದ್ರು. ಸೌಟು ಹಿಡಕೊಂಡು, ಹೊಸಾ ಸ್ಲ್ಯಾಬಿನ ಕೆಳಗ. ತಗದು ಕ್ಯಾಮೆರಾದ ಹಿಂದಿನ ಪರದೇದಾಗ ಆಕಿಗೆ ತೋರಿಸಿದ್ರು.

“ಛಲೋ ಬಂದೈತಿ ಸರ. ನನ್ನ ಸೀರಿ ಬಣ್ಣ ಎಲ್ಲಿ?”

ನಾ ಕತ್ತ ತಗ್ಗಿಸಿ ಹೋಳಿಗಿ ಮುರಿಯಾಕ ಹತ್ತಿದೆ.

“ಇದರಾಗ ಬಣ್ಣ ಬರೂದಿಲ್ಲ ತಂಗೀ,” ಅಂದ್ರು ಸರ.

“ಕೆಟ್ಟೈತೇನ್ರಿ?”

“ಇಲ್ಲ. ಇದು ಇರೂದ ಹಿಂಗ.”

ಆಕಿ ನನ್ನ ಕಡೆ ತಿರಗಿದ್ಲು. “ನಿಮಗ ಗೊತ್ತಿತ್ತೇನ್ರಿ?” ನಾ ಬಾಯಿತುಂಬ ಹೋಳಿಗಿ ಇಟ್ಕೊಂಡೆ. “ಅಯ್ಯ ಶಿವನ! ಬಣ್ಣ ಬರಲಾರದ್ದನ್ನ ಏಳೂವರಿ ಲಕ್ಷಕ್ಕ ಕಟ್ಟಿದ್ನಲ್ಲ ಸರ ನಿಮ್ಮ ಕೊರಳಿಗೆ! ಈ ಪಾಪ ಎಲ್ಲಿ ತೊಳಕೊಳ್ಳಲಿ?” ಅಂತ ಅವರ ತಾಟಿಗೆ ಎರಡು ಹೋಳಿಗಿ ಒಗದು, ಮ್ಯಾಲ ತುಪ್ಪ ಸುರುವಿದ್ಲು.

ಸರ ನಕ್ಕೋತ ಕೈ ಅಡ್ಡ ಹಿಡದ್ರು. “ಪಾಪ ಏನೂ ಇಲ್ಲ ತಂಗೀ. ಬಣ್ಣ ಇಲ್ಲಂತನ ಇದು ತುಟ್ಟಿ. ಬಣ್ಣ ಇದ್ದದ್ದು ಇದಕ್ಕಿಂತ ಸೋವಿ.”

“ಖರೇನ?”

“ಖರೇ. ನಿಮ್ಮ ಯಜಮಾನ್ರನ್ನ ಕೇಳ್ರಿ.”

ನಾ ಹೌದು ಅಂತ ತಲಿ ಆಡಿಸಿದೆ. ಆಕಿ ಸೌಟು ಹಿಡಕೊಂಡು ವಿಚಾರ ಮಾಡ್ಕೋತ ನಿಂತ್ಲು. ಅಷ್ಟರಾಗ ಗೌಂಡಿ ಮಜ್ಜಿಗಿ ಕುಡದು ಬಾಯಿ ಒರಸ್ಕೊಂಡ.

“ಯಕ್ಕಾ, ಈ ಗ್ವಾಡಿಗೆ ಬಣ್ಣ ಹಚ್ಚೂದು ಬ್ಯಾರೆ ಆಗ್ತೈತ್ರಿ. ಬಣ್ಣದ ಡಬ್ಬಿ ತುಟ್ಟಿ ಆಗ್ಯಾವ. ಡಾಲರ್ ಏರೈತಲ್ರಿ, ಇಪ್ಪತ್ತೈದು ಸಾವಿರ.”

“ಬಣ್ಣ ಬ್ಯಾಡ ಬಿಡಪಾ,” ಅಂದ್ಲು ಹೆಂಡ್ತಿ. “ಈಗ ಕೇಳಿದ್ಯಲ್ಲ, ಬಣ್ಣ ಇಲ್ಲದ್ದಕ್ಕನ ಕಿಮ್ಮತ್ತು ಹೆಚ್ಚು. ಇರಲಿ, ಈ ಓಣ್ಯಾಗೆಲ್ಲಾ ನನ್ನ ಅಡಿಗಿಮನೀನ ತುಟ್ಟಿದ್ದು ಆಗ್ಲಿ.”

ಗೌಂಡಿ ಕ್ಯಾಮೆರಾ ನೋಡಿದ, ಗ್ವಾಡಿ ನೋಡಿದ, ಮತ್ತ ಕ್ಯಾಮೆರಾ ನೋಡಿದ. ತಲಿ ಕೆರಕೊಂಡ.

“ಹಂಗಾದ್ರ ಯಕ್ಕಾ,” ಅಂದ, “ಬಣ್ಣ ಹಚ್ಚಲಾರದ್ದಕ್ಕ ಐವತ್ತ ಸಾವಿರ ಆಗ್ತೈತ್ರಿ.”